ಕೂಸು ಬರೇ ಎದಿಹಾಲು ಕುಡೀತದ, ರಕ್ತದಾಗ ಉಪ್ಪು 158 ಹೆಂಗ ಆತು?

ಮಲ್ಲಿಗಿ_ಸಿಂಧನೂರು:

ಎಲ್ಲಾರಿಗೂ ನಮಸ್ಕಾರ್ರಿ. ದವಾಖಾನಿ ಕಡಿಯವ್ರು, ಮಕ್ಳನ್ನ ಸಾಕಿದ ಅನುಭವ ಇದ್ದವ್ರು ಯಾರರ ಇದ್ರ ಸ್ವಲ್ಪ ಬಿಡಿಸಿ ಹೇಳ್ರಿ, ನಾಕ ದಿನದಿಂದ ತಲಿ ಕೆಟ್ಟು ಹೋಗ್ಯದ. ನಂದು ಮೊದಲ್ನೇ ಹೆರಿಗಿ, ಸಿಸೇರಿಯನ್, ಹೆಣ್ಣುಕೂಸು, ಹುಟ್ಟಿದಾಗ 3 ಕೆಜಿ 50 ಗ್ರಾಂ ಇದ್ಲು. ನಾಕನೇ ದಿನ ತವರಮನಿಗೆ ಬಂದ್ವಿ. ನನಗ ಹಾಲು ಭಾಳ ಕಮ್ಮಿ ಇತ್ತು, ಕೂಸು ಬಾಯಿ ಹಚ್ಚೋದು, ಎರಡ ನಿಮಿಷ ಚೀಪೋದು, ನಿದ್ದಿ ಹೋಗೋದು. ಮನಿಯಾಗ ಎಲ್ಲಾರೂ ಎಂಥಾ ಶಾಣ್ಯಾ ಕೂಸವ್ವಾ ಅಳೋದೇ ಇಲ್ಲ ಅಂತ ಖುಷಿ ಪಡ್ತಿದ್ರು, ನಾನೂ ಹಂಗೇ ತಿಳ್ಕೊಂಡಿದ್ದೆ. ಏಪ್ರಿಲ್ ಬಿಸಲು ನಿಮಗ ಗೊತ್ತದ, ನಮ್ದು ತಗಡಿನ ಮನಿ, ಫ್ಯಾನಿನ ಗಾಳಿನೂ ಕಾದೇ ಬರ್ತದ. ಆರನೇ ದಿನ ಕೂಸಿನ ಮೈ ಸುಡ್ಲಿಕ್ಕೆ ಹತ್ತಿತು, ಬಟ್ಟಿ ಮ್ಯಾಲೆ ಇಟ್ಟಂಗಿ ಪುಡಿ ಬಣ್ಣದ ಕಲಿ ಕಂಡ್ವು, ರಕ್ತನೇ ಅಂತ ಹೆದರಿ ದವಾಖಾನಿಗೆ ಓಡಿದ್ವಿ.

ತೂಕ ಹಾಕಿದ್ರ 2 ಕೆಜಿ 640 ಗ್ರಾಂ. ರಕ್ತ ತಗೊಂಡು ಸೋಡಿಯಂ 158 ಅದ ಅಂದ್ರು, 145 ಒಳಗ ಇರ್ಬೇಕಂತ. ಅಡ್ಮಿಟ್ ಮಾಡ್ಕೊಂಡು ಸಲಾಯಿನ್ ಹಚ್ಯಾರ, ಹಾಲು ಹಿಂಡಿ ಪಲಾಡಿಲೆ (ಒಳಲಿಯಂಥಾ ಸಣ್ಣ ಬಟ್ಟಲಾ) ಕುಡಸ್ತೀನಿ. ಈಗ 149ಕ್ಕ ಇಳದದ, ಕಣ್ಣು ತೆರದು ನೋಡ್ತಾಳ, ಅದು ಬ್ಯಾರೆ ಮಾತು. ನನಗ ತಿಳೀಲಾರದ್ದು ಏನಂದ್ರ, ಕೂಸಿಗೆ ನನ್ನ ಹಾಲು ಬಿಟ್ರ ಒಂದು ಹನಿ ಬ್ಯಾರೆ ಏನೂ ಹಾಕಿಲ್ಲ, ಹಂಗಿದ್ರ ಉಪ್ಪು ಎಲ್ಲಿಂದ ಬಂತು? ಅಜ್ಜಿ ಅಂತಾಳ ಬಿಸಲಿಗೆ ನೀರಡಿಸ್ಯದ, ಕಾಯ್ಸಿ ಆರಿಸಿದ ನೀರು ಹಾಕಿದ್ರ ಹಿಂಗ ಆಗ್ತಿದ್ದಿಲ್ಲ ಅಂತ. ಬಾಜು ಮನಿಯಾಕಿ ಅಂತಾಳ ನೀ ಊಟದಾಗ ಉಪ್ಪು ಬಿಡು, ನಿನ್ನ ಹಾಲೇ ಉಪ್ಪಾಗ್ಯದ ಅಂತ. ಡಾಕ್ಟರ್ ರೌಂಡ್ಸಿನಾಗ "ಹಾರ್ಮೋನ್ ಬೇಕಾದಷ್ಟು ಇರ್ತಾವಮ್ಮ, ಕೂಸಿನ ಕಿಡ್ನಿ ಇನ್ನೂ ಮಾತು ಕೇಳಂಗಿಲ್ಲ" ಅಂತ ಒಂದ ಮಾತು ಹೇಳಿ ಮುಂದಿನ ಕೂಸಿನ ಕಡಿ ಹೋದ್ರು. ಮತ್ತ ಉಪ್ಪು ಹೆಚ್ಚಾಗ್ಯದ ಅಂದ್ರ ಒಮ್ಮೆಲೇ ಇಳಿಸ್ಲಿಕ್ಕೆ ಯಾಕ ಬರಂಗಿಲ್ಲ, ನಿಧಾನ ನಿಧಾನ ಅಂತಾರಲ್ಲ ಯಾಕ?


ನರ್ಸಕ್ಕ_ರಾಯಚೂರು:

ತಂಗಿ, ಮೊದ್ಲು ಒಂದು ಮಾತು ತಿಳ್ಕೊ, ಇದು ನಿನ್ನ ತಪ್ಪಲ್ಲವ್ವ. ನಾನು ಹುಟ್ಟಿದ ಮಕ್ಕಳ ವಾರ್ಡಿನಾಗ ಕೆಲಸ ಮಾಡ್ತೀನಿ, ಬ್ಯಾಸಿಗಿ ಬಂದ್ರ ಇಂಥಾ ಕೂಸುಗಳು ಬರ್ತನೇ ಇರ್ತಾವ. ಮೊದಲ್ನೇ ಹೆರಿಗಿ, ಸಿಸೇರಿಯನ್ ಅಂದ್ರ ಹಾಲು ಇಳಿಯೋದು ಎಷ್ಟೋ ಮಂದಿಗೆ ತಡ ಆಗ್ತದ.

ಉಪ್ಪು ಎಲ್ಲಿಂದಲೂ ಬಂದಿಲ್ಲ. ಒಲಿ ಮ್ಯಾಲೆ ಸಾರು ಇಟ್ಟು ಮರತ್ರ ಏನಾಗ್ತದ ಹೇಳು? ಕುದ್ದು ಕುದ್ದು ಅರ್ಧ ಆಗ್ತದ, ನಾಲಿಗ್ಗೆ ಹಚ್ಚಿದ್ರ ಉಪ್ಪುಪ್ಪು. ಯಾರೂ ಮತ್ತ ಉಪ್ಪು ಹಾಕಿರಂಗಿಲ್ಲ, ನೀರು ಹೋಗಿರ್ತದ ಅಷ್ಟೇ. ನಿನ್ನ ಕೂಸಿಂದೂ ಹಂಗೇ ಆಗ್ಯದ. 3050ರಾಗ 410 ಗ್ರಾಂ ಇಳದದ ಅಂದ್ರ ನೂರಕ್ಕ 13ರ ಮ್ಯಾಲೇ ಹೋತು, 10 ದಾಟಿದ್ರ ನಾವು ರಕ್ತ ಪರೀಕ್ಷಾ ಮಾಡೇ ಮಾಡ್ತೀವಿ. ಆ ಇಟ್ಟಂಗಿ ಬಣ್ಣದ್ದು ರಕ್ತ ಅಲ್ಲ, ಉಚ್ಚಿ ಗಟ್ಟಿ ಆದಾಗ ಅದರಾಗಿನ ಯೂರೇಟ್ ಹರಳು ಬಟ್ಟಿಗೆ ಅಂಟ್ತಾವ. ಮೊದಲ ಎರಡು ದಿನ ಕಂಡ್ರ ನಡೀತದ, ಐದನೇ ದಿನ ಆದ ಮ್ಯಾಲೂ ಕಂಡ್ರ ಹಾಲು ಸಾಲವಲ್ದು ಅಂತ ಅರ್ಥ.

ಉಪ್ಪು ಬಿಡೋದು ಪೂರಾ ತಪ್ಪು. ನೀ ಉಣ್ಣೋ ಉಪ್ಪಿಗೂ ಎದಿಹಾಲಿನಾಗಿನ ಉಪ್ಪಿಗೂ ಸಂಬಂಧ ಇಲ್ಲ. ಹಾಲಿನ ಸೋಡಿಯಂ ಕಮ್ಮಿ ಹೆಚ್ಚು ಆಗೋದು ಕೂಸು ಎಷ್ಟು ಸಲ ಕುಡೀತದ ಅನ್ನೋದರ ಮ್ಯಾಲೆ. ಮೊದಲಿನ ಹಳದಿ ಹಾಲಿನಾಗ ಸೋಡಿಯಂ ಸ್ವಲ್ಪ ಹೆಚ್ಚೇ ಇರ್ತದ, ಕೂಸು ಜಗ್ಗಿ ಜಗ್ಗಿ ಕುಡದಂಗ, ಹಾಲು ಹರಿದಂಗ, ತಾನೇ ಇಳೀತದ. ಹಾಲು ಖಾಲಿ ಆಗದಂಗ ಎದಿಯಾಗೇ ಉಳದ್ರ ಇಳಿಯೋದು ತಡ ಆಗ್ತದ. ಮತ್ತ ನಮ್ಮ ಕಡಿ ಬಾಣಂತಿಗೆ ನೀರು ಕೊಡಬಾರ್ದು, ಹೊಟ್ಟಿ ಬರ್ತದ ಅಂತ ಒಂದು ಲೋಟ ನೀರಿನ್ಯಾಗ ದಿನ ತಳ್ಳಸ್ತಾರಲ್ಲ, ಅದನ್ನ ನೋಡಿದ್ರ ನನಗ ಸಿಟ್ಟು ಬರ್ತದ, 42 ಡಿಗ್ರಿ ಬಿಸಲಿನ್ಯಾಗ ಆ ಹೆಣ್ಣುಮಗಳ ಗತಿ ಏನು? ನೀರಡಿಕಿ ಆದಾಗೆಲ್ಲ ಹೊಟ್ಟಿ ತುಂಬ ಕುಡಿ.

ಕೂಸಿಗೆ ಮಾತ್ರ ನೀರು ಬ್ಯಾಡ. ಹಗಲು ರಾತ್ರಿ ಸೇರಿ 8ರಿಂದ 12 ಸಲ ಎದಿಗೆ ಹಚ್ಚು, ಮಲಗಿದ್ರೂ ಎಬ್ಬಿಸು, ಅಂಗಾಲು ತಿಕ್ಕು, ಬಟ್ಟಿ ಬಿಚ್ಚಿ ಮೈಗೆ ಮೈ ಹಚ್ಕೊ. ಕುಡದ ಮ್ಯಾಲೆ ಉಳದಿದ್ದು ಹಿಂಡಿ ಪಲಾಡಿಲೆ ಹಾಕು. ಇನ್ನೊಂದು, ಅಳುವಾಗ ಕಣ್ಣೀರು ಬರವಲ್ವು ಅಂತ ಹೆದರಬ್ಯಾಡ, ಹುಟ್ಟಿದ ಮಕ್ಕಳಿಗೆ ಮೊದಲ ಕೆಲವು ವಾರ ಕಣ್ಣೀರು ಬರೋದೇ ಇಲ್ಲ ಅಂದ್ರೂ ನಡೀತದ. ಹಾರ್ಮೋನಿಂದು ಡಾಕ್ಟರ್ ಯಾರರ ಬರೀತಾರ, ನಾನು ನೋಡಿದ್ದು ಹೇಳೀನಿ.


ಹಿರಿಯ_ಗಂಗಾವತಿ:

ನಾನು ವಾದಕ್ಕ ಬರಾಕತ್ತಿಲ್ಲ, ತಿಳಕೊಳ್ಳಾಕ ಕೇಳಾಕತ್ತೀನಿ. ನಮ್ಮವ್ವ ನಮಗೆಲ್ಲಾರಿಗೂ ಹುಟ್ಟಿದ ದಿನದಿಂದ ಸಕ್ರಿ ನೀರು, ಬಜಿ ತೇದದ್ದು, ಓಣಿಯಾಗ ಕತ್ತಿ ಹಾಲಿನವ್ರು ಬಂದ್ರ ಒಂದು ಒಳಲಿ ಕತ್ತಿ ಹಾಲು, ಎಲ್ಲಾ ಹಾಕಿದ್ಲು. ಆಕಿ ಹಡದದ್ದು ಒಂಬತ್ತು, ಉಳದದ್ದು ಏಳು. ಆ ಎರಡು ಕೂಸು ಯಾಕ ಹೋದ್ವು ಅಂತ ಆಗ ಯಾರೂ ಕೇಳ್ಲಿಲ್ಲ, ದೇವರು ಕೊಟ್ಟಿದ್ದ ದೇವರು ಒಯ್ದ ಅಂದ್ರು. ನನಗ ಈಗ ಮೊಮ್ಮಗ ಹುಟ್ಯಾನ, ಸೊಸಿ ನೀರು ಹಾಕಬ್ಯಾಡ್ರಿ ಅಂತಾಳ, ಮನಿಯಾಕಿ ಹಾಕ್ಬೇಕು ಅಂತಾಳ. ನೀರು ಕಮ್ಮಿ ಆಗಿ ಉಪ್ಪು ಹೆಚ್ಚಾಗೈತಿ ಅಂತ ನರ್ಸಮ್ಮನವರೇ ಹೇಳ್ತಾರ, ಹಂಗಂದ್ರ ನೀರು ಹಾಕಿದ್ರ ತಪ್ಪೇನ್ರಿ? ಇದೊಂದು ಬಿಡಿಸಿ ಹೇಳ್ರಿ, ಮನಿಯಾಗ ಓದಿ ಹೇಳ್ತೀನಿ.


ಮಕ್ಕಳ_ಡಾಕ್ಟರ್_ಬಳ್ಳಾರಿ:

ಗಂಗಾವತಿ ಹಿರಿಯರೇ, ನೀವು ಕೇಳಿದ್ದು ಮಲ್ಲಿಗಿಯವರು ಕೇಳಿದ್ದು ಎರಡಕ್ಕೂ ಉತ್ತರ ಒಂದೇ ಕಡೆ ಐತೆ, ಕೂಸಿನ ಕಿಡ್ನಿಲಿ. ಸ್ವಲ್ಪ ಉದ್ದ ಆಗುತ್ತೆ, ನೈಟ್ ಡ್ಯೂಟಿ ಮುಗಿಸಿ ಬಂದು ಬರೀತಾ ಇದೀನಿ.

ಹೊಟ್ಟೇಲಿ ಇರೋವರೆಗೂ ಉಪ್ಪು ನೀರಿನ ಲೆಕ್ಕ ನೋಡ್ಕೊಳ್ಳೋದು ಮಾಸು. ಕೂಸಿನ ಕಿಡ್ನಿ ಉಚ್ಚೆ ಮಾಡ್ತಿರುತ್ತೆ, ಆದ್ರೆ ಅದು ಕೆಲಸ ತಪ್ಪಿದ್ರೂ ತಾಯಿ ರಕ್ತ ಸರಿ ಮಾಡುತ್ತೆ. ಹೊಕ್ಕುಳ ಬಳ್ಳಿ ಕತ್ತರಿಸಿದ ಗಳಿಗೆಯಿಂದ ಆ ಜವಾಬ್ದಾರಿ ಪೂರ್ತಿ ಕಿಡ್ನಿ ಮೇಲೆ ಬೀಳುತ್ತೆ. ತಿಂಗಳು ತುಂಬಿ ಹುಟ್ಟಿದ ಕೂಸಿನ ತೂಕದಲ್ಲಿ ಮುಕ್ಕಾಲು ಪಾಲು ನೀರೇ, ನಮ್ಮಂಥ ದೊಡ್ಡವರಲ್ಲಿ ನೂರಕ್ಕೆ 60ರಷ್ಟು. ಅಂದ್ರೆ ಕೂಸು ಹುಟ್ಟುವಾಗಲೇ ಒಂದಿಷ್ಟು ಹೆಚ್ಚಿನ ನೀರು ಹೊತ್ತುಕೊಂಡೇ ಬರುತ್ತೆ, ಅದನ್ನ ಇಳಿಸೋಕೆ ಒಂದು ಹಾರ್ಮೋನ್ ಐತೆ. ಮೊದಲ ಉಸಿರು ತಗೊಂಡಾಗ ಶ್ವಾಸಕೋಶ ಬಿಚ್ಚಿಕೊಂಡು ಅಲ್ಲಿಗೆ ರಕ್ತ ಜೋರಾಗಿ ಹರಿದು ವಾಪಸ್ ಹೃದಯದ ಎಡಗಡೆ ಮೇಲಿನ ಕೋಣೆಗೆ ಬರುತ್ತೆ, ಆ ಕೋಣೆ ಹಿಗ್ಗಿದಾಗ ಎಎನ್‌ಪಿ ಅನ್ನೋ ಹಾರ್ಮೋನ್ ಬಿಡುಗಡೆ ಆಗುತ್ತೆ, ಅದು ಕಿಡ್ನಿಗೆ ಉಪ್ಪು ಬಿಡು ನೀರು ಬಿಡು ಅಂತ ಹೇಳುತ್ತೆ. ಅದಕ್ಕೇ ಎಲ್ಲಾ ಮಕ್ಕಳೂ ಮೊದಲ ಮೂರು ನಾಲ್ಕು ದಿನ ತೂಕ ಇಳೀತಾವೆ, ನೂರಕ್ಕೆ 5ರಿಂದ 7ರವರೆಗೆ ಸಹಜ, 10 ದಾಟಬಾರದು, 10ರಿಂದ 14 ದಿನದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರ್ಬೇಕು. (ಶ್ವಾಸಕೋಶದಲ್ಲಿ ತುಂಬಿರೋ ನೀರು ಖಾಲಿ ಆಗೋದೂ ಉಪ್ಪಿನ ಕೆಲಸವೇ. ಹೆರಿಗೆ ನೋವಿನ ಹೊತ್ತಿಗೆ ಏರೋ ಅಡ್ರಿನಲಿನ್ನು, ಕಾರ್ಟಿಸೋಲು ಅಲ್ಲಿನ ಸೋಡಿಯಂ ದಾರಿಗಳನ್ನ ತೆರೆಸ್ತಾವೆ, ಸೋಡಿಯಂ ಹಿಂದೆ ನೀರೂ ರಕ್ತಕ್ಕೆ ಸೇರುತ್ತೆ. ನೋವು ಬರೋ ಮುಂಚೆನೇ ಸಿಸೇರಿಯನ್ ಆದ ಕೆಲವು ಕೂಸುಗಳು ಒಂದೆರಡು ದಿನ ಜೋರಾಗಿ ಉಸಿರಾಡೋದು ಇದೇ ಕಾರಣಕ್ಕೆ. ನನಗೆ ಇದನ್ನ ಪ್ರತಿ ಸಲ ನೆನೆಸಿಕೊಂಡ್ರೂ ಆಶ್ಚರ್ಯ ಆಗುತ್ತೆ.)

ಹೆಚ್ಚಿನ ನೀರು ಇಳೀತು, ಇನ್ನು ನಿಲ್ಸಬೇಕು. ತೊಂದರೆ ಬರೋದು ಇಲ್ಲಿ. ನಿಲ್ಸೋಕೆ ಮುಖ್ಯವಾಗಿ ಎರಡು ಹಾರ್ಮೋನ್ ಅದಾವೆ. ಮೆದುಳಿನ ಬುಡದಿಂದ ಬರೋ ವ್ಯಾಸೊಪ್ರೆಸ್ಸಿನ್ ನೀರು ಹಿಡಿದಿಡು ಅನ್ನುತ್ತೆ, ಕಿಡ್ನಿ ಮೇಲೆ ಟೋಪಿ ಥರ ಕೂತಿರೋ ಅಡ್ರಿನಲ್ ಗ್ರಂಥಿಯಿಂದ ಬರೋ ಆಲ್ಡೋಸ್ಟೀರಾನ್ ಉಪ್ಪು ಹಿಡಿದಿಡು ಅನ್ನುತ್ತೆ. ಕೂಸಿನ ರಕ್ತದಲ್ಲಿ ಇವೇನು ಕಮ್ಮಿ ಇರಲ್ಲ, ಆಲ್ಡೋಸ್ಟೀರಾನ್ ಅಂತೂ ದೊಡ್ಡವರಿಗಿಂತ ಹೆಚ್ಚೇ ಇರುತ್ತೆ. ನಿಮ್ಮ ಡಾಕ್ಟರ್ ಹೇಳಿದ್ದು ಅದನ್ನೇ. ನಮ್ಮ ಕಡೆಯವರಿಗೆ ಅರ್ಥ ಆಗೋ ಹಂಗೆ ಹೇಳ್ಬೇಕಂದ್ರೆ, 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಕೊಂಡು ಹೋಯ್ತಲ್ಲ, ಆಗ ನೀರು ನಿಲ್ಸಿ ಅಂತ ಮೇಲಿಂದ ಎಷ್ಟು ಆರ್ಡರ್ ಬಂದ್ರೇನು, ಮುಚ್ಚೋಕೆ ಗೇಟು ಬೇಕಲ್ಲ, ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಗೇಟು ಕೂಡಿಸೋವರೆಗೂ ನೀರು ಹೋಗ್ತಾನೇ ಇತ್ತು. ಕೂಸಿನ ಕಿಡ್ನಿಲಿ ಗೇಟು ಕಿತ್ತು ಹೋಗಿಲ್ಲ, ಇನ್ನೂ ಕೂಡಿಸ್ತಾ ಅದಾರೆ. ಆಲ್ಡೋಸ್ಟೀರಾನಿನ ಆರ್ಡರ್ ಓದೋ ರಿಸೆಪ್ಟರ್‌ಗಳು ಹುಟ್ಟುವಾಗ ಕಮ್ಮಿ, ವ್ಯಾಸೊಪ್ರೆಸ್ಸಿನ್ ಹೇಳಿದಾಗ ತೆರೆಯೋ ನೀರಿನ ದಾರಿಗಳೂ ಕಮ್ಮಿ, ಉಚ್ಚೆ ಗಟ್ಟಿ ಮಾಡೋ ಕೊಳವೆಗಳು ಗಿಡ್ಡ. ದೊಡ್ಡವರ ಕಿಡ್ನಿ ನೀರಿಲ್ಲದಾಗ ಉಚ್ಚೆನ 1200 ಮಿಲಿಆಸ್ಮೋಲ್ (ಗಟ್ಟಿತನದ ಅಳತೆ) ವರೆಗೆ ಗಟ್ಟಿ ಮಾಡುತ್ತೆ, ಹುಟ್ಟಿದ ಕೂಸಿಂದು 600ರ ಆಸುಪಾಸಿಗೇ ನಿಲ್ಲುತ್ತೆ. ಹಂಗಾಗಿ ಹಾಲು ಸಿಗ್ತಿಲ್ಲ, ಬಿಸಿಲಿಗೆ ಚರ್ಮದಿಂದ ಉಸಿರಿಂದ ನೀರು ಹೋಗ್ತಾ ಐತೆ, ಆದ್ರೂ ಕಿಡ್ನಿ ಇನ್ನೊಂದಿಷ್ಟು ನೀರು ಬಿಡ್ತಾನೇ ಇರುತ್ತೆ. ನಮಗಾದ್ರೆ ಬಾಯಾರಿಕೆ ಆದ್ರೆ ಎದ್ದು ಕೊಡದ ಹತ್ರ ಹೋಗ್ತೀವಿ, ಅದು ಎಲ್ಲಿ ಹೋಗ್ಬೇಕು.

ಹಂಗಾದ್ರೆ ನೀರು ಹಾಕಿದ್ರೇನು ಅಂತ ಹಿರಿಯರ ಪ್ರಶ್ನೆ. ಕೂಸಿನ ಕಿಡ್ನಿ ಉಚ್ಚೆನ ತೆಳ್ಳಗೆ ಮಾಡೋದ್ರಲ್ಲಿ ಪರವಾಗಿಲ್ಲ, ಆದ್ರೆ ಒಟ್ಟು ಸೋಸೋ ಶಕ್ತಿ ಭಾಳ ಸಣ್ಣದು. ದೊಡ್ಡವರಲ್ಲಿ ಸೋಸೋ ಪ್ರಮಾಣ ನಿಮಿಷಕ್ಕೆ 100ರಿಂದ 120 ಎಂಎಲ್, ಹುಟ್ಟಿದ ಕೂಸಿಂದು ಮೈ ಅಳತೆಗೆ ಹೊಂದಿಸಿ ಲೆಕ್ಕ ಹಾಕಿದ್ರೂ 20ರ ಹತ್ರ, ಎರಡು ವಾರಕ್ಕೆ ಅದರ ಎರಡರಷ್ಟಾಗುತ್ತೆ. ಬರೀ ನೀರು ಕುಡಿಸಿದ್ರೆ ಅದನ್ನ ಬೇಗ ಹೊರಗೆ ಹಾಕೋಕಾಗದೆ ರಕ್ತದಲ್ಲಿ ನೀರು ಹೆಚ್ಚಾಗಿ ಸೋಡಿಯಂ ಕುಸೀತೈತೆ, 120ರ ಹತ್ರ ಬಂದ ಕೂಸುಗಳು ಫಿಟ್ಸ್ ಬಂದು ಬಂದಿದ್ದನ್ನ ನಾನೇ ನೋಡೀನಿ. ಜೊತೆಗೆ ಅಷ್ಟು ಸಣ್ಣ ಹೊಟ್ಟೆ ನೀರಿಂದ ತುಂಬಿದ್ರೆ ಹಾಲು ಚೀಪಲ್ಲ, ಚೀಪದಿದ್ರೆ ಹಾಲು ಇಳಿಯಲ್ಲ. ಎದೆಹಾಲಲ್ಲಿ ನೂರಕ್ಕೆ 88 ಪಾಲು ನೀರೇ ಐತೆ, ಉಪ್ಪು ಈ ಕಿಡ್ನಿಗೆ ತಡೆಯುವಷ್ಟೇ ಐತೆ, ಲೀಟರಿಗೆ 7 ಮಿಲಿಮೋಲ್ ಹತ್ರ. ಆಕಳ ಹಾಲಲ್ಲಿ ಅದರ ಮೂರು ಪಟ್ಟು. ಬಳ್ಳಾರಿ ಬಿಸಿಲಲ್ಲೂ ಆರು ತಿಂಗಳ ತನಕ ಎದೆಹಾಲು ಸಾಕು. ಕತ್ತೆ ಹಾಲು ಬೀದೀಲಿ ಹಿಂಡಿ ಹಸೀದೇ ಕುಡಿಸ್ತಾರೆ, ಅದರಿಂದ ಸೋಂಕು ತಗುಲುತ್ತೆ, ಅದೂ ಬೇಡ.

ಇನ್ನು ನಿಧಾನ ಯಾಕೆ ಅಂದ್ರೆ, ರಕ್ತ ಉಪ್ಪಾದಾಗ ಮೆದುಳಿನ ಜೀವಕೋಶಗಳು ಮುರುಟಿ ಹೋಗದಂಗೆ ತಮ್ಮೊಳಗೆ ನೀರು ಹಿಡಿದಿಡೋ ಪದಾರ್ಥ ಕೂಡಿಸಿಟ್ಕೋತಾವೆ. ನಾವು ರಕ್ತಾನ ಒಮ್ಮೆಲೇ ತೆಳ್ಳಗೆ ಮಾಡಿದ್ರೆ ನೀರು ಆ ಕೋಶಗಳಿಗೆ ನುಗ್ಗಿ ಮೆದುಳು ಊದ್ಕೊಳ್ಳುತ್ತೆ. ಅದಕ್ಕೇ 24 ತಾಸಿಗೆ 10ರಿಂದ 12ಕ್ಕಿಂತ ಹೆಚ್ಚು ಇಳಿಸಲ್ಲ, 158ರಿಂದ 149 ಅಂದ್ರೆ ಸರಿಯಾದ ದಾರೀಲೇ ಹೊಂಟೈತೆ.

ಕೊನೇದಾಗಿ ಒಂದು, ಇದು ನನ್ನ ಮನಸ್ಸಿಗೆ ಭಾಳ ಹತ್ರದ ವಿಷ್ಯ. ಈ ಥರ ಒಣಗಿದ ಕೂಸು ಕಣ್ಣಿಗೆ ಒಣಗಿದಂಗೆ ಕಾಣಲ್ಲ. ರಕ್ತ ಉಪ್ಪಾದ್ರೆ ಜೀವಕೋಶದೊಳಗಿನ ನೀರು ರಕ್ತನಾಳಕ್ಕೆ ಎಳೆದುಕೊಂಡು ಬರುತ್ತೆ, ಹಂಗಾಗಿ ನಾಡಿ ಚೆನ್ನಾಗಿರುತ್ತೆ, ಚರ್ಮ ಹಿಂಡಿದ್ರೆ ಹಿಟ್ಟಿನಂಗೆ ಮೆತ್ತಗಿರುತ್ತೆ, ನೆತ್ತಿನೂ ಅಷ್ಟು ಕುಸಿದಿರಲ್ಲ. ಕೂಸು ಸುಮ್ನೆ ಮಲಗಿರುತ್ತೆ ಅಷ್ಟೇ. ಅಳದ ಕೂಸನ್ನ ಶಾಣ್ಯಾ ಅನ್ನೋ ಮುಂಚೆ ತಕ್ಕಡೀಲಿ ಹಾಕ್ರಿ, ಮೋಸ ಮಾಡದೇ ಇರೋದು ತೂಕ ಒಂದೇ.


ಸಿರುಗುಪ್ಪ_ಅಪ್ಪ:

ಡಾಕ್ಟರ್ ಸಾರ್ ಬರೆದದ್ದು ಓದಿ ಕೈ ನಡುಗಿತು, ನಮ್ದು ಇದರ ಉಲ್ಟಾ ಕಥಿ, ಯಾರಿಗರ ಉಪಯೋಗ ಆಗ್ಲಿ ಅಂತ ಬರಿಯಾಕತ್ತೀನಿ. ನಾನು ಅಕ್ಕನ ಮಗಳನ್ನ ಮದುವಿ ಆಗೀನಿ, ನಮ್ಮ ಕಡಿ ಇದು ಹೊಸದಲ್ಲ. ಗಂಡುಕೂಸು, ಹುಟ್ಟಿದಾಗ ಗುಂಡ್‌ಗುಂಡಗೆ 3 ಕೆಜಿ ಮ್ಯಾಲಿತ್ತು, ಎಲ್ಲಾ ಚಲೋ. ಹತ್ತನೇ ದಿನದಿಂದ ಹಾಲು ಕಕ್ಕಾಕ ಶುರು ಆತು, ತೂಕ ಏರವಲ್ದು, ದಿನಾ ಸೊರಗಿಕೊಂತ ಹೊಂಟಿತು. ಒಂದು ದವಾಖಾನಿಗೆ ಹೋದ್ವಿ, ಹಾಲು ಹೆಚ್ಚಾಗಿ ಕಕ್ತೈತಿ ತೇಗಿಸ್ರಿ ಅಂದು ಕಳಿಸಿದ್ರು. ಹದಿನೈದನೇ ದಿನ ಕೈಕಾಲು ಹಿಮ, ಎಬ್ಬಿಸಿದ್ರ ಏಳವಲ್ದು. 108 ಕರಿಸಿ ಬಳ್ಳಾರಿಗೆ ಒಯ್ದಾಗ ಸೋಡಿಯಂ 116, ಪೊಟ್ಯಾಸಿಯಂ 7.6. ರಾತ್ರಿ ಡ್ಯೂಟಿಯಾಗ ಇದ್ದ ಡಾಕ್ಟರಮ್ಮ ರಿಪೋರ್ಟ್ ನೋಡಿದ ಕೂಡ್ಲೇ ಕೂಸಿನ ಜನನಾಂಗದ ಚರ್ಮ ಕಪ್ಪಾಗಿದ್ದು ನೋಡಿ "ಸಂಬಂಧದಾಗ ಮದುವಿ ಆಗೀರೇನು" ಅಂತ ಕೇಳಿದ್ರು. ಆ ಒಂದು ಪ್ರಶ್ನಿ ನಮ್ಮ ಮಗನ್ನ ಉಳಿಸ್ತು ಅಂತ ಈಗೂ ಅಂತೀನಿ.

ಸಿಎಎಚ್ ಅಂತ ಇದರ ಹೆಸ್ರು. ಅಡ್ರಿನಲ್ ಗ್ರಂಥಿಯಾಗ 21 ಹೈಡ್ರಾಕ್ಸಿಲೇಸ್ ಅನ್ನೋ ಕಿಣ್ವ ಇಲ್ಲದ್ದಕ್ಕ ಕಾರ್ಟಿಸೋಲೂ ಆಗಂಗಿಲ್ಲ, ಆಲ್ಡೋಸ್ಟೀರಾನೂ ಆಗಂಗಿಲ್ಲ. ಮಲ್ಲಿಗಿ ಅಕ್ಕನ ಕೂಸಿಗೆ ಆರ್ಡರ್ ಇತ್ತು ಗೇಟು ತಯಾರಿದ್ದಿಲ್ಲ, ನಮ್ಮ ಕೂಸಿಗೆ ಆರ್ಡರ್ ಕೊಡೋರೇ ಇದ್ದಿಲ್ಲ. ಉಪ್ಪೆಲ್ಲ ಉಚ್ಚಿಯಾಗ ಹರಿದು ಹೋಗಿತ್ತು. ಹೆಣ್ಣುಮಕ್ಕಳಾದ್ರ ಹುಟ್ಟಿದಾಗಲೇ ಜನನಾಂಗದಾಗ ವ್ಯತ್ಯಾಸ ಕಾಣತೈತಿ ಅಂತ, ಗಂಡುಮಕ್ಕಳು ನೋಡಾಕ ಸರಿಯಾಗೇ ಇರ್ತಾವ, ಎರಡನೇ ವಾರದಾಗ ಹಿಂಗ ಒಮ್ಮೆಲೇ ಬೀಳ್ತಾವ. 17 ಓಎಚ್‌ಪಿ ಅಂತ ಒಂದು ರಕ್ತ ಪರೀಕ್ಷಾ ಐತಿ, ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತಗೊಂಡು ಹುಟ್ಟಿದ ಮೂರನೇ ದಿನಕ್ಕೇ ಮಾಡಬಹುದು. ನಮಗ ಯಾರೂ ಹೇಳಿದ್ದಿಲ್ಲ.

ಈಗ ಅವನಿಗೆ ನಾಕು ವರ್ಷ. ದಿನಕ್ಕ ಮೂರು ಸಲ ಹೈಡ್ರೊಕಾರ್ಟಿಸೋನ್ (ಕಾರ್ಟಿಸೋಲ್ ಬದ್ಲಿ), ಒಂದು ಸಲ ಫ್ಲುಡ್ರೊಕಾರ್ಟಿಸೋನ್ (ಆಲ್ಡೋಸ್ಟೀರಾನ್ ಬದ್ಲಿ), ಮೊದಲ ವರ್ಷ ಡಾಕ್ಟರ್ ಹೇಳಿದ ಅಳತಿಗೆ ಉಪ್ಪು ತೂಗಿ ನೀರಿನಾಗ ಕಲಸಿ ಹಾಕ್ತಿದ್ವಿ. ಜ್ವರ ಬಂದ್ರ ಹೈಡ್ರೊಕಾರ್ಟಿಸೋನ್ ಎರಡು ಮೂರು ಪಟ್ಟು ಮಾಡ್ಬೇಕು, ವಾಂತಿ ಆದ್ರ ಇಂಜೆಕ್ಷನ್ನಿಗೆ ಓಡ್ಬೇಕು, ಇದನ್ನ ಒಂದು ಕಾರ್ಡಿನ್ಯಾಗ ಬರಸಿ ಅವನ ಚೀಲದಾಗ ಇಟ್ಟೀವಿ. ಅಂಗನವಾಡಿಗೆ ಹೊಕ್ಕಾನ, ಓಡ್ತಾನ, ಬೀಳ್ತಾನ. ಮುಂದಿನ ಪ್ರತಿ ಹೆರಿಗಿಯಾಗೂ ನಾಕರಾಗ ಒಂದು ಪಾಲು ಹಿಂಗ ಆಗೋ ಸಾಧ್ಯತಿ ಐತಿ ಅಂದಾರ. ಸಂಬಂಧದಾಗ ಮದುವಿ ಆದವ್ರು, ಮೊದಲೊಂದು ಕೂಸು ಕಾರಣ ಗೊತ್ತಿಲ್ಲದ ತೀರಿಕೊಂಡವ್ರು ದಯವಿಟ್ಟು ಹೆರಿಗಿ ಮುಂಚೆ ಡಾಕ್ಟರಿಗೆ ಇದನ್ನ ಹೇಳ್ರಿ.


ಹಿರಿಯ_ಗಂಗಾವತಿ:

ನಮ್ಮವ್ವ ಅಪ್ಪ ಸೋದರಮಾವನ ಮಕ್ಕಳೇ. ಆ ಎರಡೂ ಗಂಡುಕೂಸು. ಎರಡೂ ತಿಂಗಳ ಒಳಗ ಹೋದ್ವು, ಕಕ್ಕಿ ಕಕ್ಕಿ ಸೊರಗಿದ್ವು ಅಂತ ಅವ್ವ ಹೇಳ್ತಿದ್ಲು. ಅದೇ ಕಾಯಿಲಿ ಅಂತ ನಾನು ಹೇಳಾಕತ್ತಿಲ್ಲ. ಮೊಮ್ಮಗನ ಡಾಕ್ಟರಿಗೆ ಈ ಮಾತು ಹೇಳ್ತೀನಿ. ನೀರು ಬಂದ್ ಮಾಡಿಸೀನಿ.


ಕುಷ್ಟಗಿ_ಚಿಗವ್ವ:

ಡಾಕ್ಟರ್ರೇ ನಂದೂ ಒಂದು ಸಣ್ಣ ಪ್ರಶ್ನಿ. ನಮ್ಮ ಅಕ್ಕನ ಕೂಸು ಏಳು ತಿಂಗಳಿಗೇ ಹುಟ್ಟೈತಿ, 1 ಕೆಜಿ 250 ಗ್ರಾಂ, ಕೊಪ್ಪಳದಾಗ ಅಡ್ಮಿಟ್ ಐತಿ, ಈಗ ಮೂರನೇ ವಾರ. ಸೋಡಿಯಂ 127 ಐತಿ ಅಂತ ಹಿಂಡಿದ ಹಾಲಿನಾಗ ಉಪ್ಪಿನ ಔಷಧ ಹನಿ ಹಾಕಿ ಕೊಡಾಕತ್ತಾರ. ಕೂಸಿಗೆ ವರ್ಷದವರೆಗೂ ಉಪ್ಪು ಹಾಕಬಾರ್ದು ಅಂತ ನೀವೇ ಹೇಳ್ತೀರಿ, ಇಲ್ಲಿ ನೀವೇ ಹಾಕ್ತೀರಿ. ಇದೂ ಸಿಎಎಚ್ ಏನ್ರಿ, ಅಕ್ಕ ರಾತ್ರಿಯೆಲ್ಲ ಅಳಾಕತ್ತಾಳ.


ಮಕ್ಕಳ_ಡಾಕ್ಟರ್_ಬಳ್ಳಾರಿ:

ತಂಗಿ, ನೀವು ಬರೆದದ್ದು ನೋಡಿದ್ರೆ ತಿಂಗಳು ತುಂಬದ ಮಕ್ಕಳಲ್ಲಿ ನಾವು ದಿನಾ ನೋಡೋ ವಿಷಯ, ಆದ್ರೂ ಪೊಟ್ಯಾಸಿಯಂ ಎಷ್ಟೈತೆ ಅಂತ ಅಲ್ಲಿನ ಡಾಕ್ಟರನ್ನ ಒಂದು ಮಾತು ಕೇಳ್ರಿ, ಸಿಎಎಚ್ ಆದ್ರೆ ಅದು ಏರಿರುತ್ತೆ. ನಾನು ಮೇಲೆ ಹೇಳಿದ ಗೇಟು ಇಂಥ ಕೂಸಲ್ಲಿ ಇನ್ನೂ ಸಡಿಲ. ಆಲ್ಡೋಸ್ಟೀರಾನ್ ಕೂಗಿ ಹೇಳಿದ್ರೂ ಕೊಳವೆಗಳು ಸೋಡಿಯಂ ವಾಪಸ್ ಎಳ್ಕೊಳ್ಳಲ್ಲ, ಉಚ್ಚೇಲಿ ಸೋರಿ ಹೋಗುತ್ತೆ, ಅದೇ ಹೊತ್ತಿಗೆ ಮೈ ಬೆಳೆಯೋಕೆ ಸೋಡಿಯಂ ಬೇಕು. ಸೋಡಿಯಂ ಕಮ್ಮಿ ಆದ್ರೆ ಎಷ್ಟು ಹಾಲು ಕೊಟ್ರೂ ತೂಕ ಏರಲ್ಲ. ಅದಕ್ಕೆ ರಕ್ತ ನೋಡಿ ನೋಡಿ ಅಳತೆ ಮಾಡಿ ಹಾಕ್ತಾರೆ, ಕೊಳವೆಗಳು ಬಲಿತ ಮೇಲೆ ನಿಲ್ಲಿಸ್ತಾರೆ. ಮನೇಲಿ ಉಪ್ಪು ಹಾಕೋದಕ್ಕೂ ಇದಕ್ಕೂ ಹೋಲಿಸ್ಬೇಡ್ರಿ. ಅಕ್ಕನಿಗೆ ಕೂಸನ್ನ ಎದೆಗೆ ಕಟ್ಕೊಂಡು ಕಾಂಗರೂ ಆರೈಕೆ ಕೊಡೋಕೆ ಬಿಡ್ತಾರಾ ಕೇಳ್ರಿ, ಹಾಲೂ ಹೆಚ್ಚುತ್ತೆ, ಅಳುನೂ ಕಮ್ಮಿ ಆಗುತ್ತೆ.

ಸಿರುಗುಪ್ಪದ ಅಣ್ಣ ಬರೆದದ್ದನ್ನ ಎಲ್ಲಾರೂ ಓದ್ರಿ. ಮಲ್ಲಿಗಿಯವರೇ, ನಿಮ್ಮ ಕೂಸಿಂದು ಅದಲ್ಲ, ಅಲ್ಲಿ ಸೋಡಿಯಂ ಇಳೀತೈತೆ ಪೊಟ್ಯಾಸಿಯಂ ಏರ್ತೈತೆ, ನಿಮ್ಮಲ್ಲಿ ಸೋಡಿಯಂ ಏರಿತ್ತು, ಹಾಲು ಸಿಕ್ಕ ಮೇಲೆ ಇಳೀತಾ ಐತೆ. ಗಾಬರಿ ಆಗ್ಬೇಡ್ರಿ.


ನರ್ಸಕ್ಕ_ರಾಯಚೂರು:

ಡಿಸ್ಚಾರ್ಜ್ ಆದ ಮ್ಯಾಲೆ ಬಟ್ಟಿ ಲೆಕ್ಕ ಇಡು ತಂಗಿ. ಮೊದಲ್ನೇ ದಿನ ಒಂದು, ಎರಡನೇ ದಿನ ಎರಡು, ಹಿಂಗ ಏರ್ಕೋತ ಹೋಗಿ ಆರನೇ ದಿನದಿಂದ ದಿನಕ್ಕ ಆರಾದ್ರೂ ಚೆಂದಾಗಿ ತೊಯ್ಬೇಕು. ಉಚ್ಚಿ ಬಣ್ಣ ನೀರಿನಂಗ ಇರ್ಬೇಕು. ಆಶಾ ಅಕ್ಕಾರು 3, 7, 14, 21, 28, 42ನೇ ದಿನ ಮನಿಗೆ ಬಂದು ನೋಡೋ ನಿಯಮ ಅದ, ಬಂದಾಗ ತೂಕ ಮಾಡಿಸ್ಕೊಂಡು ತಾಯಿ ಕಾರ್ಡಿನ್ಯಾಗ ಬರಸ್ಕೊ. ಬರ್ಲಿಲ್ಲ ಅಂದ್ರ ನೀನೇ ಫೋನ್ ಹಚ್ಚಿ ಕರಿ, ನಾಚ್ಕೋಬ್ಯಾಡ.


ಮಲ್ಲಿಗಿ_ಸಿಂಧನೂರು:

ಎಲ್ಲಾರಿಗೂ ಕೈ ಮುಗೀತೀನಿ. ಭಾಳ ದಿನ ಬರೀಲಿಕ್ಕೆ ಆಗ್ಲಿಲ್ಲ. ಸೋಡಿಯಂ 143 ಆದ ಮ್ಯಾಲೆ ಮನಿಗೆ ಕಳಿಸಿದ್ರು, ಇವತ್ತಿಗೆ ಕೂಸಿಗೆ 17 ದಿನ. ಮುಂಜಾನಿ ತೂಕ 2 ಕೆಜಿ 980 ಬಂದದ, ಹುಟ್ಟಿದ ತೂಕಕ್ಕ ಇನ್ನ 70 ಗ್ರಾಂ. ಸ್ವಲ್ಪ ತಡನೇ ಆಗ್ಯದ, ಆದ್ರ ಏರ್ಲಿಕ್ಕೆ ಹತ್ಯದ ಬಿಡು ಅಂದ್ರು ಆಶಾ ಅಕ್ಕ. ನನಗೂ ಹಾಲು ಚೊಲೋ ಇಳದಾವ, ನೀರು ಕೇಳಿದಷ್ಟು ಕೊಡ್ತಾರ ಈಗ.

ಡಾಕ್ಟರ್ ಸಾರ್ ಬರೆದದ್ದನ್ನ ಅಜ್ಜಿಗೆ ಓದಿ ಹೇಳಿದೆ. ಎಎನ್‌ಪಿ, ಆಲ್ಡೋಸ್ಟೀರಾನ್ ಅಂದ್ರ ಆಕಿಗೆ ಏನೂ ತಿಳೀಲಿಲ್ಲ, ಸಾರಿಂದೂ ಡ್ಯಾಮಿಂದೂ ತಿಳೀತು. ನೀರಿನ ಮಾತು ಬಿಟ್ಟಾಳ. ಈಗ ದಿನಾ ಮುಂಜಾನಿ ಹಿತ್ತಲದಾಗ ಹಗ್ಗದ ಮ್ಯಾಲೆ ಹಾಕಿದ ಕೂಸಿನ ಬಟ್ಟಿ ಒಂದೊಂದೇ ಮುಟ್ಟಿ ಎಣಸ್ತಾಳ, ನಿನ್ನೆ ಎಂಟು.